ಹುಟ್ಟು ಸಾವುಗಳ ದಾಖಲೆಯೂ ಸತ್ಯಧರ್ಮವೂ

ಮನುಷ್ಯನ ಬಾಳಿನಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿಗಳು ಎರಡು: ಹುಟ್ಟು ಮತ್ತು ಸಾವು. ಈ ಎರಡಕ್ಕೂ ಆತನು ತಾನೇ ಸಾಕ್ಷಿ ಹೇಳಲಾರನು. ಹುಟ್ಟಿದ ಕೂಸಿಗೆ ಮಾತು ಬಾರದು. ಸತ್ತವನ ಮಾತು ಮುಗಿದುಹೋಗಿರುತ್ತದೆ. ಆದಕಾರಣ ಎರಡು ಸಂದರ್ಭಗಳಲ್ಲಿಯೂ ಅವನ ಪರವಾಗಿ ಬೇರೆಯವರು ಮಾತನಾಡಬೇಕಾಗುತ್ತದೆ. ತಂದೆಯೋ ಅಜ್ಜನೋ ಮಗನೋ ವೈದ್ಯರೋ ಹೇಳಿದುದನ್ನು ನೋಂದಣಾಧಿಕಾರಿಯು ಬರೆದುಕೊಳ್ಳುತ್ತಾನೆ. ಹಾಗೆ ಬರೆದ ನಾಲ್ಕು ಸಾಲುಗಳೇ ಆ ಮನುಷ್ಯನು ಇಂಥ ದಿನ ಈ ಲೋಕಕ್ಕೆ ಬಂದನೆಂಬುದಕ್ಕೂ ಇಂಥ ಕಾರಣದಿಂದ ಹೊರಟುಹೋದನೆಂಬುದಕ್ಕೂ ಸರ್ಕಾರದಲ್ಲಿ ಉಳಿಯುವ ಆಧಾರ. ಪರರಿಗಾಗಿ ಹೇಳುವ ಈ ಮಾತಿನಲ್ಲಿ ಎಷ್ಟು ನಿಜವಿರಬೇಕು, ದಯೆಯ ಕಾರಣದಿಂದ ಎಷ್ಟು ಸಡಿಲಿಕೆಗೆ ಎಡೆಯುಂಟು ಎಂಬುದು ಮೇಲುನೋಟಕ್ಕೆ ಕಛೇರಿಯ ಪ್ರಶ್ನೆಯಂತೆ ಕಂಡರೂ ವಿಚಾರಿಸಿ ನೋಡಿದರೆ ಧರ್ಮದ ಪ್ರಶ್ನೆಯೇ ಆಗಿದೆ.

ಈ ವಿಷಯದಲ್ಲಿ ಕನ್ನಡನಾಡಿನ ಹಳೆಯ ನಡವಳಿಕೆ ಒಂದು ವಿನೋದದಂತಿತ್ತು. ಅನೇಕ ಮನೆಗಳಲ್ಲಿ ಮಗು ಹುಟ್ಟಿದೊಡನೆ ತಿಥಿ, ವಾರ, ನಕ್ಷತ್ರಗಳನ್ನೂ ಘಳಿಗೆ ವಿಘಳಿಗೆಗಳನ್ನೂ ಎಚ್ಚರದಿಂದ ಗುರುತುಹಾಕಿಕೊಂಡು ಜಾತಕ ಬರೆಯಿಸುತ್ತಿದ್ದರು. ಹೊತ್ತು ಸ್ವಲ್ಪ ಹೆಚ್ಚು ಕಡಮೆಯಾದರೆ ಲಗ್ನವೇ ತಪ್ಪಿಹೋದೀತೆಂಬ ಭಯ. ಅದೇ ಯಜಮಾನರು ಐದಾರು ವರ್ಷಗಳ ಮೇಲೆ ಹುಡುಗನ ಕೈಹಿಡಿದು ಶಾಲೆಗೆ ಹೋದಾಗ, ಹುಟ್ಟಿದ ತಾರೀಖೇನೆಂದು ಮೇಷ್ಟರು ಕೇಳಿದರೆ, “ನೀವೇ ನೋಡಿ ಒಂದು ಹಾಕಿಕೊಳ್ಳಿ” ಎಂದುಬಿಡುತ್ತಿದ್ದರು. ಶಾಲೆ ತೆರೆಯುವ ಕಾಲಕ್ಕೆ ಸರಿಯಾಗಿ ಮೇಷ್ಟರು ಜೂನ್ ೧ ಎಂದು ಬರೆಯುತ್ತಿದ್ದರು. ಹಿಂದಿನ ತಲೆಮಾರಿನ ಎಷ್ಟೋ ಮಂದಿಯ ಶಾಲಾಪತ್ರಗಳಲ್ಲಿ ಇದೇ ತಾರೀಖು ಇರುವುದನ್ನು ಇಂದಿಗೂ ನೋಡಬಹುದು. ಗ್ರಹಗಳ ಮುಂದೆ ಒಂದು ಘಳಿಗೆ ತಪ್ಪಿ ಹೇಳಲು ಅಂಜಿದವರು ಮೇಷ್ಟರ ಮುಂದೆ ಒಂದು ವರ್ಷ ತಪ್ಪಿ ಹೇಳಲು ಅಂಜಲಿಲ್ಲ.

ಇದರಿಂದ ಯಾರಿಗೇನು ಹಾನಿ ಎಂದು ಕೇಳಬಹುದು. ಹಾನಿಯು ಹೇಳಿದವರಿಗೆ ಆಗಲಿಲ್ಲ. ಯಾರ ಪರವಾಗಿ ಹೇಳಿದರೋ ಅವರಿಗೆ ಆಯಿತು. ಅಜ್ಜನು ಆಡಿದ ಒಂದು ಉದಾಸೀನದ ಮಾತನ್ನು ಮೊಮ್ಮಗನು ಜೀವಮಾನವೆಲ್ಲ ಹೊರಬೇಕಾಯಿತು. ನೌಕರಿಗೆ ಸೇರುವಾಗ ಒಂದು ವಯಸ್ಸು, ನಿವೃತ್ತಿಯ ಹೊತ್ತಿಗೆ ಇನ್ನೊಂದು. ಶಾಲೆಯ ಪತ್ರದಲ್ಲಿ ಒಂದು, ಜಾತಕದಲ್ಲಿ ಮತ್ತೊಂದು. ಸರ್ಕಾರಿ ನೌಕರರ ವಯಸ್ಸಿನ ವಿವಾದಗಳಿಗಾಗಿ ಕರ್ನಾಟಕದಲ್ಲಿ ೧೯೭೪ರಲ್ಲಿ ಒಂದು ಪ್ರತ್ಯೇಕ ಅಧಿನಿಯಮವನ್ನೇ ಮಾಡಬೇಕಾಗಿ ಬಂದಿತೆಂದರೆ ಗೊಂದಲವೆಷ್ಟಿತ್ತೆಂಬುದನ್ನು ಊಹಿಸಬಹುದು. ಈಗಲಾದರೋ ಜನನಪತ್ರದ ಭಾರ ಇನ್ನೂ ಹೆಚ್ಚಿದೆ. ೨೦೨೩ರ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ ೧ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲು, ಮತದಾರರ ಪಟ್ಟಿಗೆ, ವಾಹನ ನಡೆಸುವ ಪರವಾನಗಿಗೆ, ವಿವಾಹದ ನೋಂದಣಿಗೆ, ಸರ್ಕಾರಿ ನೌಕರಿಗೆ, ಹುಟ್ಟಿದ ದಿನವನ್ನೂ ಸ್ಥಳವನ್ನೂ ತೋರಿಸುವ ಆಧಾರ ಅದೇ.

ವಯಸ್ಸಿನ ಸುಳ್ಳಿಗೆ ಉದಾಸೀನವೂ ಅನುಕೂಲವೂ ಕಾರಣವಾದರೆ ಸಾವಿನ ವಿಷಯದ ಸುಳ್ಳಿಗೆ ಹೆಚ್ಚಾಗಿ ದಯೆಯೇ ಕಾರಣ. ಆದುದರಿಂದ ಅದನ್ನು ವಿಚಾರಮಾಡುವುದು ಹೆಚ್ಚು ಕಷ್ಟ. ಮನೆಯಲ್ಲಿ ಒಬ್ಬರು ಪ್ರಾಣ ಕಳೆದುಕೊಂಡಿದ್ದಾರೆ; ಹೆಣ ಇನ್ನೂ ನಡುಮನೆಯಲ್ಲಿದೆ. ಸಾಲದ ಬಾಧೆ ತಾಳಲಾರದೆ ತಾವಾಗಿಯೇ ಹೋದವರಾಗಿರಬಹುದು. ಜನರು ಹೆಸರೆತ್ತಲು ಹೇಸುವ ರೋಗದಿಂದ ಸತ್ತವರಾಗಿರಬಹುದು. ಹಿಂದೆ ಉಳಿದಿರುವ ಹೆಣ್ಣುಮಕ್ಕಳಿಗೆ ಮದುವೆಯಾಗಬೇಕು. ಮನೆಯವರು ಕೈಮುಗಿದು ಪರಿಚಿತ ವೈದ್ಯರನ್ನು ಕೇಳಿಕೊಳ್ಳುತ್ತಾರೆ: “ಹೃದಯ ನಿಂತು ಹೋದರು ಎಂದು ಬರೆದುಬಿಡಿ, ಸ್ವಾಮಿ, ಹೋದವರು ಹೋದರು, ಇದ್ದವರ ಮಾನವಾದರೂ ಉಳಿಯಲಿ.” ಹೀಗೆ ಕೇಳುವವರು ದುಷ್ಟರಲ್ಲ, ಹಾಗೆ ಬರೆಯುವವರೂ ದುಷ್ಟರಲ್ಲ. ಸತ್ತವನಿಗೆ ಅದರಿಂದ ನೋವಿಲ್ಲ, ಬದುಕಿದವರಿಗೆ ಉಪಕಾರವುಂಟು. ಹೀಗಿರುವಲ್ಲಿ ಒಂದು ಕಾಗದದ ಮೇಲಿನ ಅಕ್ಷರಗಳಿಗಾಗಿ ನೊಂದವರನ್ನು ಮತ್ತೆ ನೋಯಿಸಬೇಕೆ?

ಈ ಪಕ್ಷಕ್ಕೆ ಮಹಾಭಾರತದ ಬೆಂಬಲವೂ ಇದ್ದಂತೆ ತೋರುತ್ತದೆ. ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನೆಂಬ ಬ್ರಾಹ್ಮಣನ ಕಥೆಯನ್ನು ಹೇಳುತ್ತಾನೆ. ಅವನು ಸತ್ಯವನ್ನಲ್ಲದೆ ನುಡಿಯೆನೆಂದು ವ್ರತ ತೊಟ್ಟವನು. ಕಳ್ಳರಿಗೆ ಹೆದರಿ ಓಡಿಬಂದ ಕೆಲವರು ಅವನ ಕಣ್ಣೆದುರಿಗೇ ಕಾಡನ್ನು ಹೊಕ್ಕು ಅಡಗಿದರು. ಹಿಂದೆ ಬಂದ ಕಳ್ಳರು ಕೇಳಲಾಗಿ ಕೌಶಿಕನು ಇದ್ದುದನ್ನು ಇದ್ದಂತೆ ಹೇಳಿದನು; ಅಡಗಿದ್ದವರು ಕೊಲೆಯಾದರು; ಕೌಶಿಕನು ನರಕವನ್ನು ಪಡೆದನು. ಪರರಿಗೆ ಕೇಡನ್ನು ತರುವ ನಿಜವು ಧರ್ಮವಲ್ಲವೆಂದು ವ್ಯಾಸರೇ ತೋರಿಸಿರುವಾಗ, ಮನೆಯೊಂದರ ಮಾನಕ್ಕೆ ಕೇಡು ತರುವ ನಿಜವನ್ನು ನೋಂದಣಿಯ ಪುಸ್ತಕದಲ್ಲಿ ಮರೆಮಾಡಿದರೆ ತಪ್ಪೇನೆಂಬ ಪ್ರಶ್ನೆ ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ.

ಉತ್ತರವನ್ನು ಹುಡುಕುವುದಕ್ಕೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳುವುದು ಲೇಸು. ಒಂದು ಹಳ್ಳಿ, ಹದಿನಾರು ವರ್ಷದ ಒಬ್ಬ ಹುಡುಗಿ. ಹದಿನೈದರಲ್ಲಿಯೇ ಮದುವೆಯಾಗಿ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಮೊದಲೇ ಮೈಯಲ್ಲಿ ರಕ್ತವಿಲ್ಲ. ಮಗು ಹುಟ್ಟಿತು, ಮಾಸು ಬೀಳಲಿಲ್ಲ, ರಕ್ತ ಹರಿದು ಹರಿದು ಬೆಳಗಾಗುವುದರೊಳಗೆ ತಾಯಿ ತೀರಿಕೊಂಡಳು. ಆ ಮನೆಯ ಯಜಮಾನನು ಒಂದೇ ದಿನ ಒಂದು ಹುಟ್ಟನ್ನೂ ಒಂದು ಸಾವನ್ನೂ ಬರೆಯಿಸಬೇಕಾಗಿದೆ. ಹೆಣ್ಣಿನ ವಿವಾಹಕ್ಕೆ ೧೯೭೮ರಿಂದ ಕನಿಷ್ಠ ವಯಸ್ಸು ಹದಿನೆಂಟು. ಬಾಲ್ಯವಿವಾಹವನ್ನು ಮಾಡಿಸಿದವರಿಗೆ ೨೦೦೬ರ ಅಧಿನಿಯಮದಲ್ಲಿ ಶಿಕ್ಷೆಯುಂಟು. ಆದಕಾರಣ ಆತನು ತಾಯಿಯ ವಯಸ್ಸು ಹತ್ತೊಂಬತ್ತು ಎನ್ನುತ್ತಾನೆ. ಊರಿನವರು ನಾಲ್ಕು ಮಾತನಾಡದಿರಲೆಂದು ಸಾವಿನ ಕಾರಣ ಹೃದಯ ನಿಂತುದು ಎಂದಾಗುತ್ತದೆ. ಎಲ್ಲರೂ ಅತ್ತಿದ್ದಾರೆ, ಯಾರಿಗೂ ಕೆಟ್ಟ ಉದ್ದೇಶವಿಲ್ಲ.

ಆದರೆ ಈ ಎರಡು ಮಾತುಗಳಿಂದ ಆದದ್ದೇನು? ಬಾಲ್ಯದಲ್ಲಿ ಮದುವೆಯಾದ ಹುಡುಗಿಯರ ಲೆಕ್ಕದಿಂದ ಅವಳು ಅಳಿಸಿಹೋದಳು. ಹೆರಿಗೆಯಲ್ಲಿ ಸತ್ತ ತಾಯಂದಿರ ಲೆಕ್ಕದಿಂದಲೂ ಅಳಿಸಿಹೋದಳು. ಹತ್ತೊಂಬತ್ತು ವರ್ಷದ ಒಬ್ಬ ಹೆಂಗಸು ಹೃದಯದ ದೌರ್ಬಲ್ಯದಿಂದ ಸತ್ತಳೆಂದು ಪುಸ್ತಕ ಹೇಳುತ್ತದೆ; ಅಂಥ ಹೆಂಗಸು ಎಂದೂ ಇರಲಿಲ್ಲ. ಇದ್ದವಳು ಬೇರೆ, ಅವಳಿಗೆ ಆದದ್ದು ಬೇರೆ. ಅವಳಿಗೊಬ್ಬ ತಂಗಿಯಿರಬಹುದು, ಆ ತಂಗಿಯ ಮದುವೆಯ ಮಾತು ಆಗಲೇ ನಡೆಯುತ್ತಿರಬಹುದು. ಆ ಹಳ್ಳಿಗೆ ಒಬ್ಬ ದಾದಿ ಬೇಕು, ಬಸುರಿಯರಿಗೆ ರಕ್ತ ಹೆಚ್ಚಿಸುವ ಔಷಧ ಬೇಕು, ರಾತ್ರಿ ಆಸ್ಪತ್ರೆಗೆ ಒಯ್ಯಲು ಗಾಡಿ ಬೇಕು ಎಂದು ಕೂಗಿ ಹೇಳಬಲ್ಲ ಒಂದೇ ಕಾಗದವಿತ್ತು; ಅದರ ಬಾಯಿಯನ್ನು ದಯಾಳುಗಳು ಮುಚ್ಚಿದರು. ಈ ಭಯವು ಹೊಸದಲ್ಲ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿ ಮೈಸೂರು ಸಂಸ್ಥಾನವು ೧೮೯೪ರಲ್ಲಿಯೇ ಶಾಸನ ಮಾಡಿತು. ಅಂಥ ಶಾಸನಕ್ಕೆ ಬಲವಿರುವುದು ವಯಸ್ಸು ನಿಜವಾಗಿ ತಿಳಿದಿರುವಲ್ಲಿ ಮಾತ್ರ.

ಸಾವಿನ ಕಾರಣವನ್ನು ಬರೆಯುವ ವೈದ್ಯಪತ್ರದ ರಚನೆಯನ್ನು ನೋಡಿದರೆ ಅದರ ಹಿಂದಿರುವ ವಿವೇಕ ಕಾಣುತ್ತದೆ. ಅದರಲ್ಲಿ ಒಂದರ ಕೆಳಗೊಂದು ಸಾಲುಗಳಿವೆ. ಮೊದಲನೆಯದರಲ್ಲಿ ಸಾವಿಗೆ ನೇರವಾಗಿ ಕಾರಣವಾದುದು. ಎರಡನೆಯದರಲ್ಲಿ ಅದನ್ನು ಉಂಟುಮಾಡಿದುದು. ಮೂರನೆಯದರಲ್ಲಿ ಎಲ್ಲಕ್ಕೂ ಮೂಲವಾದುದು. ಇದಲ್ಲದೆ ಸಾವಿಗೆ ಸಹಕಾರಿಯಾದ ಬೇರೆ ಸ್ಥಿತಿಗಳಿಗೆ ಪ್ರತ್ಯೇಕ ಸ್ಥಳವುಂಟು. ಮೇಲಿನ ಹುಡುಗಿಯ ವಿಷಯದಲ್ಲಿ ರಕ್ತನಷ್ಟದ ಆಘಾತ, ಹೆರಿಗೆಯ ಮೇಲಿನ ರಕ್ತಸ್ರಾವ, ಮಾಸು ಬೀಳದೆ ನಿಂತುದು ಎಂದು ಮೂರು ಸಾಲುಗಳು, ಜೊತೆಗೆ ರಕ್ತಹೀನತೆ. ಹೃದಯ ನಿಂತುದು, ಉಸಿರು ನಿಂತುದು ಎಂದು ಮಾತ್ರ ಬರೆಯಬಾರದೆಂದು ವೈದ್ಯರಿಗೆ ಸೂಚನೆಯಿದೆ. ಏಕೆಂದರೆ ಹುಲಿ ಹಿಡಿದು ಸತ್ತವನಿಗೂ ಹೃದಯ ನಿಂತೇ ಇರುತ್ತದೆ. ಅದು ಸಾವಿನ ಇನ್ನೊಂದು ಹೆಸರೇ ಹೊರತು ಕಾರಣವಲ್ಲ.

ಒಂದು ಸಾಲು ನಿಜವಾಗಿದ್ದರೆ ಏನಾಗಬಹುದು, ಸುಳ್ಳಾಗಿದ್ದರೆ ಏನಾಗಬಹುದು ಎಂಬುದಕ್ಕೆ ಲಂಡನ್ ನಗರದ ಇತಿಹಾಸದಲ್ಲಿ ಎರಡು ಉದಾಹರಣೆಗಳು ದೊರೆಯುತ್ತವೆ. ಅಲ್ಲಿ ಹಿಂದೆ ಹೆಣಗಳನ್ನು ನೋಡಿ ಕಾರಣ ಹೇಳುವುದಕ್ಕೆ ಮುದುಕಿಯರನ್ನು ನೇಮಿಸುತ್ತಿದ್ದರು. ಮರಣದ ಪಟ್ಟಿಗಳನ್ನು ಮೊದಲು ಶಾಸ್ತ್ರೀಯವಾಗಿ ಪರಿಶೀಲಿಸಿದ ಜಾನ್ ಗ್ರಾಂಟನು ೧೬೬೨ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಮುದುಕಿಯರ ಗುಟ್ಟನ್ನು ಹೊರಗೆಡವಿದನು. ಒಂದು ಬಟ್ಟಲು ಮದ್ಯವನ್ನೂ ಇಮ್ಮಡಿ ಕೂಲಿಯನ್ನೂ ಕೊಟ್ಟರೆ, ಲಜ್ಜೆಗೆ ಕಾರಣವಾದ ಮೇಹರೋಗದಿಂದ ಸತ್ತವರೂ ಕ್ಷಯದಿಂದ ಸತ್ತವರೆನಿಸಿಕೊಳ್ಳುತ್ತಿದ್ದರು. ಮನೆಗಳ ಮಾನ ಉಳಿಯಿತು. ಊರಿನಲ್ಲಿ ಆ ರೋಗವೆಷ್ಟಿತ್ತೆಂಬುದು ಮಾತ್ರ ಯಾರಿಗೂ ತಿಳಿಯದೆ ಹೋಯಿತು.

ಎರಡನೆಯದು ೧೮೫೪ರದು. ಸೋಹೋ ಎಂಬ ಭಾಗದಲ್ಲಿ ಕಾಲರಾ ಹುಟ್ಟಿ ಜನರು ತರಗೆಲೆಗಳಂತೆ ಉದುರುತ್ತಿದ್ದರು. ರೋಗವು ಕೆಟ್ಟ ಗಾಳಿಯಿಂದ ಬರುತ್ತದೆಂಬುದು ಆಗಿನ ಹೆಚ್ಚಿನವರ ನಂಬಿಕೆ. ನೀರಿನಿಂದ ಬರುತ್ತದೆಂಬುದು ಡಾಕ್ಟರ್ ಜಾನ್ ಸ್ನೋ ಎಂಬಾತನ ಪಕ್ಷ. ಇಂಗ್ಲೆಂಡಿನಲ್ಲಿ ೧೮೩೭ರಿಂದ ಮರಣಗಳನ್ನು ಸರ್ಕಾರದಲ್ಲಿ ಬರೆದುಕೊಳ್ಳುವ ಪದ್ಧತಿಯಿದ್ದುದರಿಂದ ಸ್ನೋ ಆ ಪಟ್ಟಿಗಳನ್ನು ತೆಗೆದು ನೋಡಿದನು. ಸತ್ತವರಲ್ಲಿ ಬಹುಮಂದಿ ಬ್ರಾಡ್ ಬೀದಿಯ ಒಂದು ಪಂಪಿನ ಸುತ್ತಮುತ್ತಲಿನವರು. ಆದರೆ ಅಲ್ಲಿಂದ ಬಹುದೂರದ ಹ್ಯಾಂಪ್‌ಸ್ಟೆಡ್ ಪ್ರದೇಶದಲ್ಲಿ ಸೆಪ್ಟೆಂಬರ್ ೨ರಂದು ಕಾಲರಾದಿಂದ ಒಬ್ಬಾಕೆ ಸತ್ತಿದ್ದಳು: ಐವತ್ತೊಂಬತ್ತು ವರ್ಷದವಳು, ಕೋವಿಯ ಕೇಪು ತಯಾರಿಸುತ್ತಿದ್ದವನ ವಿಧವೆ. ಆ ಕಡೆ ಬೇರೆ ಯಾರಿಗೂ ಆಗ ಕಾಲರಾ ಇರಲಿಲ್ಲ. ಸ್ನೋ ಆಕೆಯ ಮಗನನ್ನು ಕಂಡು ವಿಚಾರಿಸಿದನು. ಆಕೆ ಹಿಂದೆ ಬ್ರಾಡ್ ಬೀದಿಯ ನೆರೆಯಲ್ಲಿದ್ದವಳು. ಆ ಪಂಪಿನ ನೀರೇ ರುಚಿಯೆಂದು ದಿನವೂ ಗಾಡಿಯಲ್ಲಿ ಒಂದು ದೊಡ್ಡ ಸೀಸೆಯ ತುಂಬ ತರಿಸಿಕೊಂಡು ಕುಡಿಯುತ್ತಿದ್ದಳು. ನೋಡಲು ಬಂದಿದ್ದ ಸೋದರ ಸಂಬಂಧದ ಹುಡುಗಿಯೂ ಅದನ್ನೇ ಕುಡಿದು, ರೋಗವಿಲ್ಲದ ತನ್ನ ಊರುಕೇರಿಗೆ ಹೋಗಿ ಸತ್ತಳು. ನೀರೇ ಕಾರಣವೆಂಬ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿರಲಿಲ್ಲ. ಕಾಲರಾ ಎಂಬ ಹೆಸರಿಗೆ ನಾಚಿ, ಮುಪ್ಪಿನಿಂದ ಸತ್ತಳೆಂದು ಯಾರಾದರೂ ಬರೆಯಿಸಿದ್ದರೆ ಸ್ನೋನ ಕಣ್ಣಿಗೆ ಆ ಸಾಲು ಬೀಳುತ್ತಲೇ ಇರಲಿಲ್ಲ. ಗಂಡನ ಕಸುಬನ್ನು ಬರೆಯುವುದರಿಂದ ಏನು ಪ್ರಯೋಜನವೆಂದು ಕಾಲಂ ಖಾಲಿ ಬಿಟ್ಟಿದ್ದರೆ ಆಕೆ ಯಾರೆಂಬ ಗುರುತೂ ಮಸುಕಾಗುತ್ತಿತ್ತು. ಬರೆದವನಿಗೆ ತನ್ನ ಸಾಲಿನ ಬೆಲೆ ತಿಳಿದಿರಲಿಲ್ಲ. ತಿಳಿಯದಿದ್ದರೂ ಸರಿಯಾಗಿ ಬರೆದನು. ಅವನ ಹಿರಿಮೆಯೆಲ್ಲ ಅದರಲ್ಲಿದೆ.

ಹಾಗೆಂದು ದೋಷವನ್ನೆಲ್ಲ ಜನರ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕಿತು; ಹುಬ್ಬಳ್ಳಿ ಧಾರವಾಡಗಳನ್ನೂ ಕಾಡಿತು. ರೋಗಿಯನ್ನು ಹಿಡಿದೊಯ್ಯುವರು, ಮನೆಯವರನ್ನು ಊರಹೊರಗಿನ ಗುಡಿಸಲುಗಳಿಗೆ ಅಟ್ಟುವರು, ಸಾಮಾನುಗಳನ್ನು ಸುಡುವರು ಎಂಬ ಭಯದಿಂದ ಜನರು ರೋಗಿಗಳನ್ನೂ ಹೆಣಗಳನ್ನೂ ಬಚ್ಚಿಟ್ಟರು. ನಿಜ ಹೇಳಿದವನಿಗೆ ದಂಡನೆಯೇ ಫಲವಾಗುವಲ್ಲಿ ನಿಜವನ್ನು ನಿರೀಕ್ಷಿಸುವುದು ಕಷ್ಟ. ಆದಕಾರಣ ಸತ್ಯವನ್ನು ಕೇಳುವ ಸರ್ಕಾರಕ್ಕೂ ಒಂದು ಧರ್ಮವುಂಟು. ತಿಳಿದ ಸಂಗತಿಯನ್ನು ಹೇಳಿದವನ ಮೇಲೆಯೇ ಚಾವಟಿಯಾಗಿ ಬೀಸಬಾರದು.

ಈ ಧರ್ಮವನ್ನು ೧೯೬೯ರ ಜನನ ಮರಣ ನೋಂದಣಿ ಅಧಿನಿಯಮವು ಒಂದು ಮಟ್ಟಿಗೆ ಗುರುತಿಸಿದೆ. ಮನೆಯಲ್ಲಾದ ಹುಟ್ಟು ಸಾವುಗಳನ್ನು ಯಜಮಾನನೂ, ಆಸ್ಪತ್ರೆಯಲ್ಲಾದುವನ್ನು ಅಲ್ಲಿನ ಮುಖ್ಯ ವೈದ್ಯಾಧಿಕಾರಿಯೂ ತಿಳಿಸಬೇಕೆಂದು ಅದು ವಿಧಿಸುತ್ತದೆ. ಅವಧಿ ಇಪ್ಪತ್ತೊಂದು ದಿನ. ಆದರೆ ಮರಣದ ಪ್ರತಿಯನ್ನು ಯಾರಿಗೆ ಕೊಡುವಾಗಲೂ ಅದರಲ್ಲಿ ಸಾವಿನ ಕಾರಣವನ್ನು ಕಾಣಿಸಕೂಡದೆಂದು ಅದೇ ಅಧಿನಿಯಮ ಹೇಳುತ್ತದೆ. ಅಂದರೆ ಮನೆಯವರು ಅಂಜುವ ಆ ಮಾತು ನೆರೆಯವರ ಕೈಗೂ ಬೀಗರ ಕೈಗೂ ಆ ಪತ್ರದ ಮೂಲಕ ಸೇರುವುದಿಲ್ಲ. ಇದೇ ಬಗೆಯ ವಿವೇಕ ಜನನಪತ್ರದ ವಿಷಯದಲ್ಲಿಯೂ ಬಂದಿದೆ. ಅವಿವಾಹಿತ ತಾಯಿಯು ತನ್ನ ಮಗುವಿನ ಜನನಪತ್ರವನ್ನು ಕೇಳಿದರೆ ತಂದೆಯ ಹೆಸರು ಹೇಳೆಂದು ಬಲಾತ್ಕರಿಸದೆ, ಆಕೆಯ ಪ್ರಮಾಣಪತ್ರದ ಮೇಲೆ ಅದನ್ನು ಕೊಡಬೇಕೆಂದು ೨೦೧೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಇಲ್ಲದ ಗಂಡನ ಹೆಸರನ್ನು ಕಟ್ಟಿ ಹೇಳುವ ಅಗತ್ಯ ಆಕೆಗಿಲ್ಲ, ಸುಮ್ಮನಿರುವ ಹಕ್ಕುಂಟು.

ಪ್ರಶ್ನೆಯ ಗಂಟು ಬಿಚ್ಚುವುದು ಇಲ್ಲಿಯೇ. ಮೌನ ಬೇರೆ, ಸುಳ್ಳು ಬೇರೆ. ದಯೆಗೆ ಬೇಕಾದುದೆಲ್ಲ ಮೌನದಲ್ಲಿ ದೊರೆಯುತ್ತದೆ. ವೈದ್ಯನು ರೋಗದ ಹೆಸರನ್ನು ಪುಸ್ತಕದಲ್ಲಿ ಬರೆದು ಬೀದಿಯಲ್ಲಿ ಆಡದಿದ್ದರೆ ಮನೆಯ ಮಾನವೂ ಉಳಿಯಿತು, ಊರಿನ ಹಿತವೂ ಉಳಿಯಿತು. ಬಾಲ್ಯವಿವಾಹದಂಥ ಸಂದರ್ಭದಲ್ಲಿ ಮೌನವೂ ಮನೆಯವರನ್ನು ಪೂರ್ತಿಯಾಗಿ ಕಾಯಲಾರದೆಂಬುದು ನಿಜ. ಆದರೆ ಅಲ್ಲಿ ಕಾಯಬೇಕಾದವರು ಮದುವೆ ಮಾಡಿಸಿದ ಹಿರಿಯರೋ, ಮುಂದೆ ಅದೇ ದಾರಿ ಹಿಡಿಯಬೇಕಾದ ತಂಗಿಯೋ ಎಂಬುದನ್ನು ಆಲೋಚಿಸಿದರೆ ಸಂದೇಹಕ್ಕೆ ಎಡೆಯಿರುವುದಿಲ್ಲ.

ಕೌಶಿಕನ ಕಥೆಗೂ ಆಗ ಬೇರೊಂದು ಅರ್ಥ ಹೊಳೆಯುತ್ತದೆ. ಅವನು ಕೆಟ್ಟದ್ದು ಸತ್ಯ ಹೇಳಿದುದರಿಂದಲ್ಲ. ಕೇಳುತ್ತಿರುವವರು ಯಾರು, ಅಡಗಿರುವವರು ಯಾರು ಎಂಬುದನ್ನು ನೋಡದೆ ಹೇಳಿದುದರಿಂದ. ನೋಂದಣಿಯ ವಿಷಯದಲ್ಲಿ ಕಾಡಿನೊಳಗೆ ಅಡಗಿರುವವರು ಮುಂದೆ ಹೆರಬೇಕಾದ ಹುಡುಗಿಯರು, ಅದೇ ಬಾವಿಯ ನೀರನ್ನು ನಾಳೆ ಕುಡಿಯಬೇಕಾದ ಮಕ್ಕಳು. ಅವರನ್ನು ಬೆನ್ನಟ್ಟಿ ಬಂದಿರುವ ಕಳ್ಳರು ರೋಗ, ದಾರಿದ್ರ್ಯ, ದುರಾಚಾರಗಳು. ಇಲ್ಲಿ ಸುಳ್ಳು ಬರೆಯುವವನು ಕಳ್ಳರ ಜಾಡನ್ನು ಅಳಿಸಿಹಾಕುತ್ತಾನೆ. ಅಡಗಿದ್ದವರನ್ನು ಕೌಶಿಕನು ಒಮ್ಮೆಯಾದರೂ ಕಣ್ಣಾರೆ ಕಂಡಿದ್ದನು. ಇವನು ಅವರನ್ನು ಕಂಡೇ ಇಲ್ಲವಾದ್ದರಿಂದ ತಾನು ಯಾರಿಗೂ ಕೇಡು ಮಾಡಲಿಲ್ಲವೆಂದು ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ.

ತಿಳಿಯದೆ ತಪ್ಪಾದರೆ ಮಾಡಬೇಕಾದುದೇನು? ಇದಕ್ಕೂ ಅಧಿನಿಯಮದಲ್ಲಿರುವ ನಿಯಮವು ಮನನಮಾಡತಕ್ಕದ್ದು. ತಪ್ಪಾದ ಬರವಣಿಗೆಯನ್ನು ಅಳಿಸಿ ತಿದ್ದಲಾಗದು. ಮೊದಲಿನ ಬರವಣಿಗೆಯನ್ನು ಇದ್ದಂತೆಯೇ ಬಿಟ್ಟು, ಪಕ್ಕದ ಅಂಚಿನಲ್ಲಿ ಸರಿಯಾದುದನ್ನು ಬರೆದು, ನೋಂದಣಾಧಿಕಾರಿಯು ಸಹಿಯನ್ನೂ ತಾರೀಖನ್ನೂ ಹಾಕಬೇಕು. ತಪ್ಪನ್ನು ತಪ್ಪೆಂದು ಒಪ್ಪಿ, ಅದರ ಪಕ್ಕದಲ್ಲಿಯೇ ನಿಜವನ್ನಿಟ್ಟು, ಇದಕ್ಕೆ ಹೊಣೆ ನಾನೆಂದು ಹೆಸರು ಹಾಕುವುದು ಕಛೇರಿಯ ಹೊರಗೂ ಒಳ್ಳೆಯ ನಡತೆಯೇ. ಬೇಕೆಂದು ಸುಳ್ಳು ಹೇಳಿದವನಿಗಾದರೋ ೧೯೬೯ರಲ್ಲಿ ಗೊತ್ತುಮಾಡಿದ ಜುಲ್ಮಾನೆ ಐವತ್ತು ರೂಪಾಯಿಗಳನ್ನು ಮೀರುವಂತಿರಲಿಲ್ಲ; ೨೦೨೩ರಲ್ಲಿ ಅದನ್ನು ಹೆಚ್ಚಿಸಿದ್ದಾರೆ. ಎಷ್ಟು ಹೆಚ್ಚಿಸಿದರೂ ಈ ಕೆಲಸದಲ್ಲಿ ನಿಜವನ್ನು ಕಾಯುವುದು ಜುಲ್ಮಾನೆಯಲ್ಲ. ಬಾಣಂತಿಯ ಕೋಣೆಯಲ್ಲಿ ಏನಾಯಿತೆಂಬುದನ್ನು ಬಲ್ಲವರು ನಾಲ್ವರು. ಅವರ ಅಂತಃಕರಣವೇ ಅದಕ್ಕೆ ಕಾವಲು.

ಕಾವಲೆಂದಾಗ ಕನ್ನಡಿಗರಿಗೆ ರಾಘವಾಂಕನ ಹರಿಶ್ಚಂದ್ರನು ನೆನಪಿಗೆ ಬಾರದಿರಲಾರನು. ರಾಜ್ಯವನ್ನು ಕೊಟ್ಟುದೂ ಹೆಂಡತಿಯನ್ನು ಮಾರಿದುದೂ ಅವನ ಸತ್ಯಕ್ಕೆ ದೊಡ್ಡ ಪರೀಕ್ಷೆಗಳೇ ಹೌದು. ಆದರೆ ಕಡೆಯ ಪರೀಕ್ಷೆ ನಡೆದದ್ದು ಸುಡುಗಾಡಿನಲ್ಲಿ. ಅಲ್ಲಿ ಅವನು ರಾಜನಲ್ಲ. ಹೆಣಗಳ ಲೆಕ್ಕ ನೋಡಿ ಒಡೆಯನಿಗೆ ಸಲ್ಲತಕ್ಕ ತೆರೆಯನ್ನು ಎತ್ತುವ ಕೂಲಿಯಾಳು. ಬಂದ ಹೆಣ ಸ್ವಂತ ಮಗನದು. ಹೊತ್ತು ತಂದವಳು ಸ್ವಂತ ಹೆಂಡತಿ. ನಡುರಾತ್ರಿ, ನೋಡುವವರು ಯಾರೂ ಇಲ್ಲ. ಇದೊಂದನ್ನು ಬಿಟ್ಟುಬಿಟ್ಟರೆ ಯಾರಿಗೆ ತಿಳಿಯುತ್ತಿತ್ತು? ಆದರೂ ಅವನು ತನ್ನ ಅಲ್ಪವಾದ ಕೆಲಸವನ್ನು ಬಿಡಲಿಲ್ಲ. ಹುಟ್ಟು ಸಾವುಗಳ ಪುಸ್ತಕದ ಮುಂದೆ ನಿಂತ ಯಜಮಾನನಿಗೂ, ಅದರಲ್ಲಿ ಬರೆಯುವ ಗುಮಾಸ್ತನಿಗೂ, ಕಾರಣವನ್ನು ತಿಳಿಸುವ ವೈದ್ಯನಿಗೂ ಅಂಥ ಕಠಿಣ ಪರೀಕ್ಷೆ ಬರುವುದು ಅಪೂರ್ವ. ಅವರು ಮಾಡಬೇಕಾದುದು ಇಷ್ಟೇ: ಹುಟ್ಟಿದ ದಿನ ಯಾವುದೋ ಅದನ್ನೇ ಹೇಳುವುದು, ಸತ್ತುದು ಯಾವುದರಿಂದಲೋ ಅದನ್ನೇ ಬರೆಯುವುದು, ಆಮೇಲೆ ಬಾಯಿಮುಚ್ಚಿಕೊಂಡು ಮನೆಗೆ ಬಂದು, ನೊಂದವರ ಪಕ್ಕದಲ್ಲಿ ಕುಳಿತುಕೊಳ್ಳುವುದು.